ಎರಡು ಬೆರಳಿನ ಜಾಂಗೊ

ಪೈಥಾನ್‌ನಲ್ಲಿ ವೆಬ್ ಎಪಿಐ ಬರೆಯಲು ಕಲಿಯುವ ನಮ್ಮಲ್ಲಿ ಅನೇಕರು ದಿನಕ್ಕೆ ಹತ್ತಾರು ಸಲ ‘ಜಾಂಗೊ’ ಎಂದು ಟೈಪ್ ಮಾಡುತ್ತೇವೆ. ಅದು ಒಬ್ಬ ಮನುಷ್ಯನ ಹೆಸರೆಂದು ನನಗೆ ತಿಳಿದದ್ದು ಇತ್ತೀಚೆಗೆ.

ಜಾಂಗೊ ರೈನ್‌ಹಾರ್ಟ್ ಹುಟ್ಟಿದ್ದು 1910ರಲ್ಲಿ, ಬೆಲ್ಜಿಯಂನಲ್ಲಿ, ಊರೂರು ಅಲೆಯುವ ರೋಮಾನಿ ಕುಟುಂಬದಲ್ಲಿ. ಬೆಳೆದದ್ದು ಪ್ಯಾರಿಸ್ ಅಂಚಿನ ಬಿಡಾರಗಳಲ್ಲಿ. ಶಾಲೆಯ ಓದು ಇಲ್ಲವೆಂಬಷ್ಟು ಕಡಿಮೆ. ಹದಿಹರೆಯದಲ್ಲೇ ಬ್ಯಾಂಜೊ ನುಡಿಸಿ ದುಡಿಯುತ್ತಿದ್ದ. 1928ರಲ್ಲಿ ಅವನ ಬಂಡಿಮನೆಗೆ ಬೆಂಕಿ ಬಿತ್ತು. ಎಡಗೈಯ ಕೊನೆಯ ಎರಡು ಬೆರಳುಗಳು ಸುಟ್ಟು ಮುದುಡಿದವು. ಆಗ ಅವನಿಗೆ 18. ತಿಂಗಳುಗಟ್ಟಲೆ ಹಾಸಿಗೆ ಹಿಡಿದವನು ಗಿಟಾರ್ ಎತ್ತಿಕೊಂಡು, ಉಳಿದ ಎರಡು ಬೆರಳಿಗೆ ಒಗ್ಗುವಂತೆ ನುಡಿಸುವ ಕ್ರಮವನ್ನೇ ಹೊಸದಾಗಿ ಕಟ್ಟಿಕೊಂಡ. 1934ರಲ್ಲಿ ಪಿಟೀಲು ವಾದಕ ಸ್ಟೆಫಾನ್ ಗ್ರಾಪೆಲ್ಲಿ ಜೊತೆ ಐವರ ತಂಡ ಕಟ್ಟಿ ಜಾಸ್ ರಸಿಕರನ್ನು ಬೆರಗುಗೊಳಿಸಿದ. 1953ರಲ್ಲಿ, 43ನೇ ವಯಸ್ಸಿಗೇ ತೀರಿಕೊಂಡ.

ಅರ್ಧ ಶತಮಾನದ ಬಳಿಕ ಅಮೆರಿಕದ ಕಾನ್ಸಸ್‌ನ ಪತ್ರಿಕಾ ಕಚೇರಿಯೊಂದರಲ್ಲಿ, ಗಿಟಾರ್ ಪ್ರೇಮಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ವೆಬ್ ಫ್ರೇಮ್‌ವರ್ಕ್ ಒಂದನ್ನು ರೂಪಿಸಿದರು. 2005ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಾಗ ಈ ವಾದಕನ ಹೆಸರನ್ನೇ ಇಟ್ಟರು.

ನನ್ನ ಮೊದಲ ಎಪಿಐ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಓಡಿತ್ತು. ಸರ್ವರ್‌ಗೆ ಏರಿಸಿದ ಕೂಡಲೇ 400 ಎಂಬ ದೋಷ. ಸಂದರ್ಶನಕ್ಕೆ ಉಳಿದದ್ದು ಎರಡೇ ದಿನ. ಕೈಚೆಲ್ಲಿ ಕೂತಾಗ ನೆನಪಾದವನು ಜಾಂಗೊ. ಮತ್ತೆ ಮೊದಲಿನಿಂದ ಹುಡುಕಿದೆ. ಸೆಟ್ಟಿಂಗ್ಸ್‌ನ ‘ಅಲೋಡ್ ಹೋಸ್ಟ್ಸ್’ ಪಟ್ಟಿಗೆ ಡೊಮೈನ್ ಹೆಸರು ಸೇರಿಸಿರಲೇ ಇಲ್ಲ!

ಆ ಕೆಲಸ ಸಿಗಲಿಲ್ಲ. ಎಪಿಐ ಮಾತ್ರ ಇಂದಿಗೂ ಓಡುತ್ತಿದೆ. ಜಾಂಗೊ ಎಂದು ಟೈಪ್ ಮಾಡುವಾಗಲೆಲ್ಲ ನನ್ನ ಹತ್ತೂ ಬೆರಳುಗಳತ್ತ ಒಮ್ಮೆ ಕಣ್ಣು ಹಾಯುತ್ತದೆ.