ಪಶ್ಚಾತ್ತಾಪದ ದಾರಿ: ಜಾನ್ ನ್ಯೂಟನ್

ನ್ಯೂಟನ್ ಎಂದೊಡನೆ ಸೇಬಿನ ಮರವೇ ನಮ್ಮ ಕಣ್ಣಿಗೆ ಕಟ್ಟುತ್ತದೆ. ನಾನು ಹೇಳಹೊರಟಿರುವುದು ಆ ವಿಜ್ಞಾನಿಯ ಕಥೆಯಲ್ಲ. ಗುಲಾಮರ ವ್ಯಾಪಾರಿಯಾಗಿದ್ದು ಪಾದ್ರಿಯಾದ ಮತ್ತೊಬ್ಬ ನ್ಯೂಟನ್ನನ ಕಥೆ. ‘ಅಮೇಜಿಂಗ್ ಗ್ರೇಸ್’ ಎಂಬ ಲೋಕಪ್ರಸಿದ್ಧ ಕೀರ್ತನೆಯನ್ನು ರಚಿಸಿದವನು ಇವನೇ.

ಜಾನ್ ನ್ಯೂಟನ್ 1725ರಲ್ಲಿ ಲಂಡನ್ನಿನ ವಾಪಿಂಗ್ ಎಂಬಲ್ಲಿ ಜನಿಸಿದನು. ತಂದೆ ಹಡಗಿನ ಕಪ್ತಾನ. ದೈವಭಕ್ತೆಯಾದ ತಾಯಿ, ಮಗನಿಗೆ ಏಳು ತುಂಬುವ ಮೊದಲೇ ಕ್ಷಯರೋಗದಿಂದ ತೀರಿಕೊಂಡಳು. ಹನ್ನೊಂದನೆಯ ವಯಸ್ಸಿಗೆ ಹುಡುಗನು ತಂದೆಯೊಡನೆ ಸಮುದ್ರಯಾನಕ್ಕೆ ಹೊರಟನು. 1744ರಲ್ಲಿ ಅವನನ್ನು ಬಲಾತ್ಕಾರವಾಗಿ ನೌಕಾಪಡೆಗೆ ಸೇರಿಸಿದರು. ಅಲ್ಲಿಂದ ಓಡಿಹೋಗಿ, ಸಿಕ್ಕಿಬಿದ್ದು, ಚಾಟಿಯೇಟು ತಿಂದನು. ದೇವರನ್ನು ಹಳಿಯುವುದು, ಜೊತೆಗಾರರ ನಂಬಿಕೆಯನ್ನು ಕೆಡಿಸುವುದು ಅವನಿಗೆ ಚಟವಾಯಿತು. ಮುಂದೆ ಪಶ್ಚಿಮ ಆಫ್ರಿಕದ ತೀರದಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಕೈಕೆಳಗೆ, ಕಾಯಿಲೆಯಿಂದಲೂ ಹಸಿವಿನಿಂದಲೂ ನರಳುತ್ತ, ತಾನೇ ಗುಲಾಮನಂತಾದನು. ಆಗ ಸರಪಳಿಯಲ್ಲಿದ್ದ ಗುಲಾಮರು ತಮ್ಮ ಅಲ್ಪ ಆಹಾರದಲ್ಲೇ ಗುಟ್ಟಾಗಿ ಅವನಿಗೂ ತುತ್ತು ಕೊಟ್ಟರು. ವಾಚಕರು ಈ ಸಂಗತಿಯನ್ನು ಮರೆಯಬಾರದು.

ಅಲ್ಲಿಂದ ಬಿಡುಗಡೆಯಾಗಿ ‘ಗ್ರೇಹೌಂಡ್’ ಎಂಬ ಹಡಗಿನಲ್ಲಿ ಸ್ವದೇಶಕ್ಕೆ ಮರಳುತ್ತಿದ್ದಾಗ, 1748ರ ಮಾರ್ಚ್ ತಿಂಗಳಲ್ಲಿ ಭಯಂಕರ ಬಿರುಗಾಳಿ ಎದ್ದಿತು. ಹಡಗಿನೊಳಕ್ಕೆ ನೀರು ನುಗ್ಗಿತು. ಗಂಟೆಗಟ್ಟಲೆ ಪಂಪಿನಿಂದ ನೀರೆತ್ತಿ ಸೋತ ನ್ಯೂಟನ್ನನು ಚುಕ್ಕಾಣಿ ಹಿಡಿದು ನಿಂತನು. ಅಷ್ಟುಕಾಲ ತಾನು ಹಳಿದ ದೇವರ ಕರುಣೆಯನ್ನೇ ಬೇಡಿದನು. ಮುರಿದ ಹಡಗು ಹೇಗೋ ಐರ್ಲೆಂಡಿನ ತೀರವನ್ನು ಮುಟ್ಟಿತು.

ಮನುಷ್ಯನು ಸ್ವಂತ ಪುಣ್ಯದಿಂದ ಪಾಪವನ್ನು ತೊಳೆದುಕೊಳ್ಳಲಾರನು. ಕ್ರಿಸ್ತನು ಶಿಲುಬೆಯ ಮೇಲೆ ಪಾಪಿಗಳಿಗಾಗಿ ಪ್ರಾಣ ಕೊಟ್ಟನೆಂದು ನಂಬಿ ಶರಣಾದವನಿಗೆ ಕ್ಷಮೆಯೂ ರಕ್ಷಣೆಯೂ ಕೃಪೆಯಿಂದ ದೊರೆಯುತ್ತವೆ. ಇದು ಕ್ರೈಸ್ತರ ವಿಶ್ವಾಸ. ನ್ಯೂಟನ್ನನು ಆ ಬಿರುಗಾಳಿಯ ದಿನವನ್ನು ಸಾಯುವವರೆಗೂ ಸ್ಮರಿಸಿದನು.

ಆದರೆ ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕೃಪೆಯನ್ನು ಕಂಡವನೇ 1750ರಿಂದ 1754ರ ವರೆಗೆ ಮೂರು ಯಾನಗಳಲ್ಲಿ ಗುಲಾಮರ ಹಡಗಿನ ಕಪ್ತಾನನಾದನು! ಭಾನುವಾರ ನಾವಿಕರಿಗೆ ಪ್ರಾರ್ಥನೆ ನಡೆಸುತ್ತಿದ್ದನು. ಅದೇ ಹಡಗಿನ ಒಡಲಲ್ಲಿ ಮನುಷ್ಯರು ಸರಪಳಿಯಲ್ಲಿ ಒತ್ತೊತ್ತಾಗಿ ಬಿದ್ದಿರುತ್ತಿದ್ದರು. ತನಗೆ ತುತ್ತು ಕೊಟ್ಟವರ ಜನವನ್ನೇ ಅವನು ಮಾರಿದನು. 1754ರಲ್ಲಿ ಸಮುದ್ರವನ್ನು ಬಿಟ್ಟದ್ದೂ ಕಾಯಿಲೆಯಿಂದಲೇ ಹೊರತು ಮನಸ್ಸಾಕ್ಷಿಯಿಂದಲ್ಲ. ತಾನು ಆಗ ಪೂರ್ಣ ವಿಶ್ವಾಸಿಯಾಗಿರಲಿಲ್ಲವೆಂದು ಮುಂದೆ ಅವನೇ ಒಪ್ಪಿಕೊಂಡನು.

1764ರಲ್ಲಿ ಪಾದ್ರಿ ದೀಕ್ಷೆ ಪಡೆದು ಓಲ್ನಿ ಎಂಬ ಊರಿಗೆ ಬಂದನು. ಅಲ್ಲಿನ ಬಡ ಜನರಿಗಾಗಿ ಕವಿ ವಿಲಿಯಂ ಕೂಪರನೊಡನೆ ಕೀರ್ತನೆಗಳನ್ನು ಬರೆದನು. 1779ರಲ್ಲಿ ಅವು ಗ್ರಂಥರೂಪದಲ್ಲಿ ಪ್ರಕಟವಾದವು. 1780ರಲ್ಲಿ ಲಂಡನ್ನಿನ ಸೇಂಟ್ ಮೇರಿ ವುಲ್ನಾತ್ ದೇವಾಲಯಕ್ಕೆ ಹೋದನು. 1785ರಲ್ಲಿ ಪಾರ್ಲಿಮೆಂಟಿನ ಸದಸ್ಯ ವಿಲ್ಬರ್‌ಫೋರ್ಸ್, ರಾಜಕಾರಣವನ್ನು ಬಿಡಲೇ ಎಂದು ಕೇಳಬಂದಾಗ, ಅಲ್ಲಿದ್ದೇ ದೇವರ ಸೇವೆ ಮಾಡೆಂದು ಬುದ್ಧಿ ಹೇಳಿದನು.

ಬಿರುಗಾಳಿ ಕಳೆದು ನಲವತ್ತು ವರ್ಷಗಳಾದ ಮೇಲೆ, 1788ರಲ್ಲಿ, ನ್ಯೂಟನ್ನನು ಗುಲಾಮರ ವ್ಯಾಪಾರವನ್ನು ಕುರಿತು ಒಂದು ಹೊತ್ತಗೆ ಬರೆದು, ತಾನು ಕಂಡದ್ದನ್ನೂ ಮಾಡಿದ್ದನ್ನೂ ನಾಡಿನ ಮುಂದೆ ಒಪ್ಪಿಕೊಂಡನು. ಪಾರ್ಲಿಮೆಂಟಿನ ಸಮಿತಿಯೆದುರು ಸಾಕ್ಷಿ ನುಡಿದನು. 1807ರ ಮಾರ್ಚಿಯಲ್ಲಿ ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ, ಕಣ್ಣು ಮಂಜಾಗಿದ್ದ ಆ ಮುದುಕನು ಕಾಲವಾದನು.

ನನ್ನ ತಾತ ಸಾಲಕ್ಕಾಗಿ ಜೀತಕ್ಕಿದ್ದವರು. ಆದುದರಿಂದ ಈ ಚರಿತ್ರೆಯನ್ನು ಓದುವಾಗ ನನ್ನ ಮನಸ್ಸು ಕಪ್ತಾನನಿಗಿಂತ ಹಡಗಿನ ಒಡಲಲ್ಲಿದ್ದವರ ಕಡೆಗೇ ಓಡಿತು. ದೇವರು ಕ್ಷಮಿಸಿದನೆಂದರೆ ಅವರ ಋಣ ತೀರಿತೇ? ಲೂಕನ ಸುವಾರ್ತೆಯಲ್ಲಿ ಜಕ್ಕಾಯನೆಂಬ ಸುಂಕದವನು ಯೇಸುವನ್ನು ಮನೆಗೆ ಬರಮಾಡಿಕೊಂಡ ದಿನವೇ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ನ್ಯೂಟನ್ನನಿಗೆ ಹಿಂದಿರುಗಿಸಲು ದಾರಿಯಿರಲಿಲ್ಲ; ಮಾರಿದವರನ್ನು ಎಲ್ಲಿ ಹುಡುಕುವುದು? ಉಳಿದಿದ್ದು ಸತ್ಯವನ್ನು ನುಡಿಯುವುದೊಂದೇ. ತಡವಾಗಿಯಾದರೂ, ತನ್ನ ಮಾನವನ್ನು ಲೆಕ್ಕಿಸದೆ ಅದನ್ನು ನುಡಿದನು. ಕ್ಷಮೆಯು ಅವನ ಸಾಲವನ್ನು ಅಳಿಸಿತೆಂದು ನಾನು ಹೇಳಲಾರೆ; ಆ ಸಾಲವನ್ನು ಕಣ್ಣೆತ್ತಿ ನೋಡುವ ಧೈರ್ಯವನ್ನು ಅವನಿಗೆ ಕೊಟ್ಟಿತೆಂದು ಮಾತ್ರ ಹೇಳಬಲ್ಲೆ.