ಕಾಲು ಊದಿದರೆ ಕಿಡ್ನಿ ನೋಡಿದ ಡಾಕ್ಟರ್

ಕಾಲು ಊದಿಕೊಂಡರೆ ತೊಂದರೆ ಕಾಲಿನದೇ ಎಂದುಕೊಳ್ಳುವುದು ಸಹಜ. ಇನ್ನೂರು ವರ್ಷಗಳ ಹಿಂದೆ ಡಾಕ್ಟರುಗಳೂ ಮೈಯಲ್ಲಿ ನೀರು ತುಂಬುವುದನ್ನೇ ಒಂದು ಕಾಯಿಲೆ ಎಂದು ಎಣಿಸುತ್ತಿದ್ದರು. ಆ ಲೆಕ್ಕ ಬದಲಿಸಿದವರಲ್ಲಿ ರಿಚರ್ಡ್ ಬ್ರೈಟ್ ಮುಖ್ಯರು.

1789ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದ ಬ್ರೈಟ್‌ಗೆ ಸುತ್ತಾಟದ ಹುಚ್ಚು. ಓದಿನ ನಡುವೆಯೇ 1810ರಲ್ಲಿ ಐಸ್‌ಲ್ಯಾಂಡಿಗೆ ಹೋಗಿಬಂದರು. 1813ರಲ್ಲಿ ಎಡಿನ್‌ಬರೋದಲ್ಲಿ ವೈದ್ಯ ಪದವಿ ಪಡೆದರು. ಹಂಗೇರಿ ಸುತ್ತಿ ಬರೆದ ಪುಸ್ತಕಕ್ಕೆ ತಾವೇ ಚಿತ್ರ ಬಿಡಿಸಿದರು. ಕಂಡದ್ದನ್ನು ಬಿಡದೆ ದಾಖಲಿಸುವ ಈ ಅಭ್ಯಾಸ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಅವರ ಕೈಹಿಡಿಯಿತು.

ಅಲ್ಲಿ ಮೈ ಊದಿಕೊಂಡು ಬಂದವರ ಮೂತ್ರವನ್ನು ಚಮಚದಲ್ಲಿಟ್ಟು ಮೇಣದಬತ್ತಿಯ ಉರಿಯಲ್ಲಿ ಕಾಯಿಸುತ್ತಿದ್ದರು. ಕೆಲವರದು ಬೆಂದ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತಿತ್ತು. ಅದು ಪ್ರೋಟೀನ್. ಈ ಪರೀಕ್ಷೆ ಮೊದಲೇ ಗೊತ್ತಿತ್ತು. ಬ್ರೈಟ್ ಇಟ್ಟದ್ದು ಮುಂದಿನ ಹೆಜ್ಜೆ. ಅಂಥ ರೋಗಿಗಳು ತೀರಿಕೊಂಡಾಗ ಶವಪರೀಕ್ಷೆ ಮಾಡಿದರು, ಕಿಡ್ನಿ ಕೆಟ್ಟಿರುತ್ತಿತ್ತು. ಊತ, ಮೂತ್ರ, ಕಿಡ್ನಿ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ 1827ರಲ್ಲಿ ಪ್ರಕಟಿಸಿದರು.

ಕಾರಣ ಸಿಕ್ಕಿತು, ಮದ್ದು ಸಿಗಲಿಲ್ಲ. ಆದರೂ ಬಿಡಲಿಲ್ಲ. 1842ರಲ್ಲಿ ಕಿಡ್ನಿ ರೋಗಿಗಳಿಗೆಂದೇ ಎರಡು ವಾರ್ಡು ಪಡೆದು ಅಧ್ಯಯನ ಮುಂದುವರಿಸಿದರು. 1858ರಲ್ಲಿ ಹೃದ್ರೋಗದಿಂದ ತೀರಿಕೊಂಡರು. ಡಯಾಲಿಸಿಸ್ ಯಂತ್ರ ಮೊದಲ ಜೀವ ಉಳಿಸಿದ್ದು 1945ರಲ್ಲಿ. ಕೆಟ್ಟಿರುವುದು ಎಲ್ಲಿ ಎಂದು ತಿಳಿದಿದ್ದರಿಂದಲೇ ಆ ಯಂತ್ರ ಕಟ್ಟಲು ಸಾಧ್ಯವಾಯಿತು.

ರಾಮನಗರದ ರೇಷ್ಮೆ ನೂಲು ಬಿಚ್ಚುವವರ ಕಾಲು ಊದಿದರೆ ನಿಂತು ನಿಂತು ಹಾಗಾಗಿದೆ ಎನ್ನುತ್ತೇವೆ. ಎಷ್ಟೋ ಸಲ ಅದು ನಿಜವೇ. ಆದರೆ ಮಾಗಡಿಯಲ್ಲಿರುವ ನನ್ನ ಅಜ್ಜಿ ಆರು ತಿಂಗಳು ಎಣ್ಣೆ ತಿಕ್ಕಿಸಿಕೊಂಡ ಮೇಲೆ ಮೂತ್ರ ಪರೀಕ್ಷೆಯಾಯಿತು, ಪ್ರೋಟೀನ್ ಇತ್ತು. ಈಗ ಉಪ್ಪು ಕಡಿಮೆ, ಬಿಪಿ ಹತೋಟಿಯಲ್ಲಿದೆ. ಮೊದಲೇ ತಿಳಿದಿದ್ದರೆ ಆ ಆರು ತಿಂಗಳು ಉಳಿಯುತ್ತಿತ್ತು.

ಇಳಿಯದ ಊತಕ್ಕೆ ಹೃದಯ, ಲಿವರ್, ಕಿಡ್ನಿ, ರಕ್ತನಾಳ, ಕೆಲವು ಬಿಪಿ ಮಾತ್ರೆಗಳೂ ಕಾರಣವಾಗಬಹುದು. ಒಂದೇ ಕಾಲು ಥಟ್ಟನೆ ಊದಿ ನೋಯತೊಡಗಿದರೆ, ಅಥವಾ ಊತದ ಜೊತೆ ಉಸಿರಾಟ ಕಷ್ಟವಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಸ್ನೇಹಿತರೇ, ಬಲ್ಬ್ ಉರಿಯದಿದ್ದರೆ ವೈರನ್ನೂ ನೋಡಿ ಎಂದು ನಮ್ಮ ಲ್ಯಾಬಿನಲ್ಲಿ ಕಲಿಸುತ್ತಾರೆ. ಮನೆಯಲ್ಲಿ ಹಿರಿಯರ ಕಾಲು ವಾರಗಟ್ಟಲೆ ಊದಿದ್ದರೆ ಎಣ್ಣೆ ಬಾಟಲಿ ಕೆಳಗಿಟ್ಟು ಡಾಕ್ಟರ ಬಳಿ ಕರೆದೊಯ್ಯಿರಿ. ಮೂತ್ರ ಪರೀಕ್ಷೆ ಬೇಕೇ ಎಂದು ಕೇಳಿ.