ಕೊಳಕುಮಂಡಲಕ್ಕೆ ಹೆಸರಾದ ವೈದ್ಯ ಪ್ಯಾಟ್ರಿಕ್ ರಸೆಲ್

ಮಕ್ಕಳೇ, ಕೊಳಕುಮಂಡಲದ ಹೆಸರು ನೀವೆಲ್ಲ ಕೇಳಿದ್ದೀರಿ. ದಪ್ಪ ಮೈ, ತ್ರಿಕೋನಾಕಾರದ ತಲೆ, ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಕಂದು ಮಚ್ಚೆಗಳು. ಹುಲ್ಲು, ಪೊದೆ, ಗದ್ದೆಯ ಬದು ಇದರ ನೆಲೆ. ಇಲಿಗಳಿರುವಲ್ಲಿ ಇದೂ ಇರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ರಸೆಲ್ಸ್ ವೈಪರ್ ಎಂದು ಹೆಸರು. ಯಾರು ಈ ರಸೆಲ್?

ಪ್ಯಾಟ್ರಿಕ್ ರಸೆಲ್ ಹುಟ್ಟಿದ್ದು 1727ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ವೈದ್ಯಶಾಸ್ತ್ರ ಕಲಿತು 1750ರಲ್ಲಿ ಸಿರಿಯಾ ದೇಶದ ಅಲೆಪ್ಪೊ ನಗರಕ್ಕೆ ಹೋದರು. ಸುಮಾರು ಇಪ್ಪತ್ತು ವರ್ಷ ಅಲ್ಲಿಯೇ ವೈದ್ಯರಾಗಿದ್ದರು. 1760ರಲ್ಲಿ ಅಲ್ಲಿ ಪ್ಲೇಗ್ ಹರಡಿದಾಗ ರೋಗದ ಲಕ್ಷಣಗಳನ್ನು ಗಮನಿಸಿ ಬರೆದಿಟ್ಟರು.

1780ರ ದಶಕದ ಆರಂಭದಲ್ಲಿ ತಮ್ಮನೊಂದಿಗೆ ವಿಶಾಖಪಟ್ಟಣಕ್ಕೆ ಬಂದರು. ಆಗ ಅವರಿಗೆ ಐವತ್ತು ದಾಟಿತ್ತು. 1785ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವರನ್ನು ಪ್ರಕೃತಿ ವಿಜ್ಞಾನಿಯಾಗಿ ನೇಮಿಸಿತು.

ಹಾವು ಕಚ್ಚಿ ಜನರು ಸಾಯುತ್ತಿದ್ದರು. ಆದರೆ ಯಾವ ಹಾವು ವಿಷಕಾರಿ, ಯಾವುದು ಅಲ್ಲ ಎಂಬುದು ಹೆಚ್ಚಿನವರಿಗೆ ತಿಳಿದಿರಲಿಲ್ಲ. ರಸೆಲ್ ಹಾವುಗಳನ್ನು ಸಂಗ್ರಹಿಸಿದರು, ಹಲ್ಲುಗಳನ್ನು ಪರೀಕ್ಷಿಸಿದರು, ಚಿತ್ರ ಬರೆಸಿದರು. ಸ್ಥಳೀಯರು ಹೇಳಿದ ಹೆಸರುಗಳನ್ನೇ ದಾಖಲಿಸಿದರು. ಕೊಳಕುಮಂಡಲದ ತೆಲುಗು ಹೆಸರು ಕಟುಕ ರೇಕುಲ ಪೊಡ ಎಂಬುದು ಅವರ ಪುಸ್ತಕದಲ್ಲಿದೆ. ನಾಯಿ, ಕೋಳಿಗಳಿಗೆ ಹಾವು ಕಚ್ಚಿಸಿ ವಿಷದ ಪರಿಣಾಮ ನೋಡಿದರು. ಪಾಷಾಣ ಬೆರೆಸಿದ ತಂಜಾವೂರು ಮಾತ್ರೆ ಆಗ ಪ್ರಸಿದ್ಧವಾಗಿತ್ತು. ಅದನ್ನೂ ಪರೀಕ್ಷಿಸದೆ ಬಿಡಲಿಲ್ಲ. ಆದರೆ ಖಚಿತವಾದ ಮದ್ದು ಅವರ ಕಾಲದಲ್ಲಿ ಸಿಗಲೇ ಇಲ್ಲ.

ಎಲ್ಲ ವಿಷದ ಹಾವುಗಳಿಗೂ ಅನ್ವಯಿಸುವ ಒಂದೇ ಸುಲಭ ಗುರುತನ್ನೂ ಅವರು ಹುಡುಕಿದರು. ಅದೂ ಸಿಗಲಿಲ್ಲ! ನಾಗರಹಾವು, ಕಟ್ಟುಹಾವುಗಳ ತಲೆ ತ್ರಿಕೋನವಲ್ಲ, ಆದರೂ ಅವು ವಿಷಕಾರಿ. ಆದ್ದರಿಂದ ಒಂದೊಂದು ಹಾವನ್ನೂ ಬೇರೆಬೇರೆಯಾಗಿ ಗುರುತಿಸಬೇಕಾಯಿತು.

1789ರಲ್ಲಿ ರಸೆಲ್ ಭಾರತದಿಂದ ಹಿಂತಿರುಗಿದರು. ಬಣ್ಣದ ಚಿತ್ರಗಳಿದ್ದ ಅವರ ಹಾವಿನ ಗ್ರಂಥದ ಮೊದಲ ಸಂಪುಟ 1796ರಲ್ಲಿ ಅಚ್ಚಾಯಿತು. ಮರುವರ್ಷವೇ ಈ ಹಾವಿನ ವೈಜ್ಞಾನಿಕ ಹೆಸರಿನಲ್ಲಿ ರಸೆಲ್ ಹೆಸರು ಸೇರಿತು. 1805ರಲ್ಲಿ ಅವರು ಲಂಡನ್ನಿನಲ್ಲಿ ತೀರಿಕೊಂಡರು. ಎರಡನೆಯ ಸಂಪುಟ ಪೂರ್ಣವಾದದ್ದು ಅನಂತರ, 1809ರಲ್ಲಿ.

ಮಂಡಲದ ಹಾವುಗಳದ್ದು ದೊಡ್ಡ ಕುಟುಂಬ. ಆಫ್ರಿಕಾದ ಹುಲ್ಲುಗಾವಲಿನ ಪಫ್ ಆಡರ್ ಕೂಡ ಇದಕ್ಕೇ ಸೇರಿದ್ದು. ನಮ್ಮ ಮಲೆನಾಡಿನ ಕಾಡು, ಹಳ್ಳದಂಚು, ಕಾಫಿ ತೋಟಗಳಲ್ಲಿ ಗುಳಿಮಂಡಲಗಳಿವೆ. ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವಿನ ಗುಳಿಯಿಂದ ಅವು ಬೇಟೆಯ ಮೈಬಿಸಿಯನ್ನು ಗ್ರಹಿಸುತ್ತವೆ.

ಇಂದು ಕೊಳಕುಮಂಡಲದ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು ಇದೆ. ಇದನ್ನು ಕುದುರೆಗಳ ರಕ್ತದಿಂದ ತಯಾರಿಸುತ್ತಾರೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕಾಗಿ ಮಾಡಿದ ಮದ್ದು ಅದು. ಗುಳಿಮಂಡಲದ ವಿಷಕ್ಕೆ ಅದು ನಾಟುವುದಿಲ್ಲ. ಆದ್ದರಿಂದ ಕಚ್ಚಿದ್ದು ಯಾವ ಹಾವು ಎಂಬ ರಸೆಲ್ ಅವರ ಪ್ರಶ್ನೆ ನಮ್ಮ ಕಾಫಿ ಸೀಮೆಯಲ್ಲಿ ಈಗಲೂ ಮುಖ್ಯ. ಹಾಗೆಂದು ಹಾವನ್ನು ಹಿಡಿಯಲು ಹೋಗಬೇಡಿ. ಲಕ್ಷಣಗಳನ್ನು ನೋಡಿ ವೈದ್ಯರು ಚಿಕಿತ್ಸೆ ನೀಡುತ್ತಾರೆ.

ನೆನಪಿಡಿ: ಹಾವು ಕಚ್ಚಿದರೆ ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ, 108ಕ್ಕೆ ಕರೆ ಮಾಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಮಾತನ್ನು ಮನೆಯಲ್ಲೂ ಹೇಳುತ್ತೀರಲ್ಲವೇ?